‘ಒಂದು ಸೂಲಾದರೂ ಆಗಲಿ’ ಎನ್ನುತ್ತಿದ್ದಾರೆ: ಸಂತಾನಹರಣ ಶಸ್ತ್ರಚಿಕಿತ್ಸೆಯಿಂದ ನಾಯಿ, ಬೆಕ್ಕುಗಳಿಗೆ ನಿಜಕ್ಕೂ ಏನು ಲಾಭ?

ಕಿಟಕಿಪಕ್ಕದವಳು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಚುಕ್ಕಿ ಎಂಬ ಹದಿನಾಲ್ಕು ತಿಂಗಳ ಹೆಣ್ಣುನಾಯಿಯೂ ಗುಂಡ ಎಂಬ ಏಳು ತಿಂಗಳ ಗಂಡುಬೆಕ್ಕೂ ಇವೆ. ಚುಕ್ಕಿ ಯಾವ ತಳಿಯೆಂದು ಹೇಳಲು ಬಾರದ ಬೆರಕೆ ನಾಯಿ, ತೂಕ 16 ಕಿಲೋ. ಅವಳ ಎರಡನೆಯ ಬೆದೆ ಮುಗಿದು ಈಗ ಎರಡು ವಾರಗಳಾದವು. ಬೆದೆಯಲ್ಲಿದ್ದ ಆ ಮೂರು ವಾರ ನಮ್ಮ ಗೇಟಿನ ಮುಂದೆ ಠಿಕಾಣಿ ಹೂಡಿದ್ದ ಗಂಡುನಾಯಿಗಳನ್ನು ಎಣಿಸುವುದನ್ನೇ ನಾನು ಬಿಟ್ಟಿದ್ದೆ. ಗುಂಡನಾದರೋ ಕಳೆದ ತಿಂಗಳಿನಿಂದ ಬಾಲವೆತ್ತಿ ಪರದೆಗಳಿಗೆ ಮೂತ್ರ ಚಿಮ್ಮಿಸಲು ಆರಂಭಿಸಿದ್ದಾನೆ.

ಇಬ್ಬರಿಗೂ ಆಪರೇಷನ್ ಮಾಡಿಸೋಣವೆಂದು ನಾನು ಹೇಳಿದ್ದೇ ತಡ, ಮನೆಯಲ್ಲಿ ಎರಡು ಪಕ್ಷಗಳಾದವು. ‘ಒಂದು ಸೂಲಾದರೂ ಆಗಲಿ, ಆಮೇಲೆ ಬೇಕಾದರೆ ಮಾಡಿಸು, ತಾಯಿಯಾಗದ ಜೀವದ ಸಂಕಟ ನಮಗೇಕೆ’ ಎನ್ನುವುದು ಅತ್ತೆಯವರ ಮಾತು. ಆಪರೇಷನ್ ಆದ ನಾಯಿ ದಪ್ಪವಾಗಿ, ಮಂಕಾಗಿ ಮೂಲೆ ಹಿಡಿಯುತ್ತದೆ ಎನ್ನುವುದು ಮೈದುನನ ವಾದ. ಮರಿಗಳ ಕಾಟ ತಪ್ಪುತ್ತದೆ ಎಂಬುದು ನನಗೂ ಗೊತ್ತು. ಅದು ನಮ್ಮ ಅನುಕೂಲವಾಯಿತು. ಪ್ರಾಣಿಗೆ ಇದರಿಂದ ಏನು ಲಾಭ, ಏನು ನಷ್ಟ ಎಂಬುದನ್ನು ಅನುಭವವಿದ್ದವರು ತಿಳಿಸಬೇಕೆಂದು ಕೋರುತ್ತೇನೆ.

ಬೆಕ್ಕಿನಹೆಜ್ಜೆ

ಗುಂಡನ ವಿಷಯದಲ್ಲಿ ಚರ್ಚೆಯೇ ಬೇಕಿಲ್ಲ. ನಾಳೆಯೇ ವೈದ್ಯರನ್ನು ಕಂಡು ದಿನ ಗೊತ್ತುಮಾಡಿಕೊಳ್ಳಿ. ಮೂತ್ರ ಚಿಮ್ಮಿಸುವ ಗಂಡುಬೆಕ್ಕುಗಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ವೃಷಣ ತೆಗೆಸಿದ ಮೇಲೆ ಅದನ್ನು ನಿಲ್ಲಿಸುತ್ತವೆ ಅಥವಾ ಬಹಳ ಕಡಿಮೆ ಮಾಡುತ್ತವೆ, ಮೂತ್ರದ ಆ ಕಟುವಾಸನೆಯೂ ಇಳಿಯುತ್ತದೆ. ಆದರೆ ತಿಂಗಳುಗಟ್ಟಲೆ ಬಿಟ್ಟರೆ ಹಾರ್ಮೋನಿನಿಂದ ಶುರುವಾದದ್ದು ಅಭ್ಯಾಸವಾಗಿ ಉಳಿದುಬಿಡುವ ಸಾಧ್ಯತೆ ಇದೆ.

ಇನ್ನೊಂದು ಲಾಭವನ್ನು ಯಾರೂ ಹೇಳುವುದಿಲ್ಲ. ಬೀಜವಿರುವ ಗಂಡುಬೆಕ್ಕು ಹೆಣ್ಣನ್ನು ಹುಡುಕಿಕೊಂಡು ದೂರ ಹೋಗುತ್ತದೆ, ಬೇರೆ ಗಂಡುಗಳೊಡನೆ ಕಾದಾಡುತ್ತದೆ. ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಎಫ್‌ಐವಿ ಎಂಬ ವೈರಸ್ ಬೆಕ್ಕಿನಿಂದ ಬೆಕ್ಕಿಗೆ ಹರಡುವುದು ಮುಖ್ಯವಾಗಿ ಇಂಥ ಜಗಳಗಳಲ್ಲಿ ಆಗುವ ಆಳವಾದ ಕಡಿತದಿಂದಲೇ. (ಮನುಷ್ಯರಿಗೆ ಅದು ಬರುವುದಿಲ್ಲ, ಗಾಬರಿ ಬೇಡ.) ಕಡಿತದ ಗಾಯ ಮೇಲೆ ಮುಚ್ಚಿಕೊಂಡು ಒಳಗೆ ಕೀವು ತುಂಬುವುದಂತೂ ತೀರಾ ಸಾಮಾನ್ಯ. ನನ್ನ ಮೊದಲ ಬೆಕ್ಕಿನ ಕೆನ್ನೆಯನ್ನು ಒಂದೇ ವರ್ಷದಲ್ಲಿ ಮೂರು ಸಲ ಕೊಯ್ಸಿ ಕೀವು ತೆಗೆಸಿದೆ, ನಾಲ್ಕನೆಯ ಸಲಕ್ಕೆ ಬುದ್ಧಿ ಬಂತು.

ಹಳೇಹುಲಿ

ಮೂವತ್ತು ವರ್ಷಗಳಿಂದ ನಾಯಿ ಸಾಕುತ್ತಿದ್ದೇನೆ, ಒಂದಕ್ಕೂ ಕತ್ತರಿ ಹಾಕಿಸಲಿಲ್ಲ. ಎಲ್ಲವೂ ಆರೋಗ್ಯವಾಗಿ ಬಾಳಿ, ವಯಸ್ಸಾಗಿಯೇ ಹೋದವು. ಪ್ರಕೃತಿ ಕೊಟ್ಟ ಅಂಗವನ್ನು ರೋಗವಿಲ್ಲದೆ ಕಿತ್ತುಹಾಕುವುದನ್ನು ಉಪಕಾರವೆಂದು ಕರೆಯುವುದು ನನಗೆ ಒಪ್ಪಿಗೆಯಿಲ್ಲ.

ಅಂಕಿಅಂಶ

ಹಳೇಹುಲಿಯವರೇ, ಆ ಮೂವತ್ತು ವರ್ಷಗಳಲ್ಲಿ ನಿಮ್ಮ ಮನೆಯಲ್ಲಿ ಎಷ್ಟು ಹೆಣ್ಣುನಾಯಿಗಳಿದ್ದವು?

ಹಳೇಹುಲಿ

ಒಂದೂ ಇರಲಿಲ್ಲ. ನಾವು ಯಾವಾಗಲೂ ಗಂಡನ್ನೇ ತರುತ್ತಿದ್ದೆವು.

ಅಂಕಿಅಂಶ

ಹಾಗಾದರೆ ನಿಮ್ಮ ನಾಯಿಗಳ ಮರಿಗಳನ್ನು ಹೊತ್ತು ಹೆತ್ತದ್ದು ಬೇರೆಯವರ ಮನೆಯ ನಾಯಿಗಳು. ಲೆಕ್ಕ ನಿಮ್ಮ ಪುಸ್ತಕದಲ್ಲಿ ಬರಲಿಲ್ಲ, ಅಷ್ಟೇ.

ಶ್ವಾನಸಂಗಾತಿ

ಕಿಟಕಿಪಕ್ಕದವಳು ಅವರೇ, ನಿಮ್ಮ ಅತ್ತೆಯವರಿಗೆ ಇದನ್ನು ಓದಿ ಹೇಳಿ.

ನಮ್ಮ ಹಿಂದಿನ ನಾಯಿಗೆ ಒಂಬತ್ತು ವರ್ಷ. ಆಪರೇಷನ್ ಮಾಡಿಸಿರಲಿಲ್ಲ, ಒಂದು ಸಲ ಐದು ಮರಿಗಳನ್ನೂ ಹಾಕಿತ್ತು. ಬೆದೆ ಮುಗಿದು ಒಂದೂವರೆ ತಿಂಗಳಾಗಿರಬಹುದು, ಇದ್ದಕ್ಕಿದ್ದಂತೆ ಬಟ್ಟಲುಗಟ್ಟಲೆ ನೀರು ಕುಡಿಯತೊಡಗಿತು. ಸೆಕೆಗೆ ಹೀಗಾಗಿದೆಯೆಂದು ನಾವು ಅಂದುಕೊಂಡೆವು. ಎರಡು ದಿನ ಊಟ ಬಿಟ್ಟಿತು, ಅದನ್ನೂ ಸೆಕೆಯ ಲೆಕ್ಕಕ್ಕೇ ಹಾಕಿದೆವು. ಮೂರನೆಯ ದಿನ ವಾಂತಿ. ಹೊಟ್ಟೆ ಸ್ವಲ್ಪ ಉಬ್ಬಿದಂತಿತ್ತು, ಆದರೆ ಹೊರಗೆ ಸ್ರಾವವೇನೂ ಕಾಣಲಿಲ್ಲ. ರಾತ್ರಿ ಎದ್ದು ನಿಲ್ಲಲಾಗದೆ ಕುಸಿದಾಗ ಎತ್ತಿಕೊಂಡು ಓಡಿದೆವು. ಸ್ಕ್ಯಾನಿಂಗ್‌ನಲ್ಲಿ ನೋಡಿದರೆ ಗರ್ಭಕೋಶದ ತುಂಬ ಕೀವು. ಅದೇ ರಾತ್ರಿ ಹೊಟ್ಟೆ ಕೊಯ್ದು ತೆಗೆದರು. ತೆಗೆದದ್ದನ್ನು ವೈದ್ಯರು ತಟ್ಟೆಯಲ್ಲಿಟ್ಟು ತೋರಿಸಿದರು. ಅದನ್ನು ಇಲ್ಲಿ ವರ್ಣಿಸುವುದಿಲ್ಲ.

ಬದುಕಿತು, ಆದರೆ ಐದು ದಿನ ಡ್ರಿಪ್ ಹಾಕಿಸಿಕೊಂಡು ಮಲಗಿತ್ತು. ಆರೋಗ್ಯವಾಗಿದ್ದ ಎಳೆಯ ವಯಸ್ಸಿನಲ್ಲಿ, ಹಗಲಿನಲ್ಲಿ, ಎಲ್ಲ ತಯಾರಿಯೊಂದಿಗೆ ಮಾಡಿಸಬಹುದಾಗಿದ್ದ ಶಸ್ತ್ರಚಿಕಿತ್ಸೆಯನ್ನೇ ನಾವು ಮುಪ್ಪಿನಲ್ಲಿ, ನಂಜೇರಿದ ಮೈಗೆ, ನಡುರಾತ್ರಿ ಮಾಡಿಸಿದೆವು. ಆಪರೇಷನ್ ಎರಡರಲ್ಲೂ ಒಂದೇ. ಆ ಮೂರು ದಿನ ಸೆಕೆಯ ಮಾತು ಆಡಿಕೊಂಡು ಕುಳಿತದ್ದಕ್ಕೆ ನನಗೆ ನಾನೇ ಇನ್ನೂ ಕ್ಷಮಿಸಿಕೊಂಡಿಲ್ಲ.

ಪ್ರಾಣಿವೈದ್ಯೆ

ಶ್ವಾನಸಂಗಾತಿಯವರು ವಿವರಿಸಿದ್ದು ಪಯೋಮೆಟ್ರಾ. ನಾನು ವೃತ್ತಿಯಲ್ಲಿ ಪಶುವೈದ್ಯೆಯಾದ್ದರಿಂದ ಇದರ ಒಳಗುಟ್ಟನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಾಯಿಯ ದೇಹಕ್ಕೆ ಒಂದು ವಿಚಿತ್ರ ಗುಣವಿದೆ. ಬೆದೆಯಲ್ಲಿ ಅಂಡ ಬಿಡುಗಡೆಯಾದ ಮೇಲೆ ಗರ್ಭ ಕಟ್ಟಿದರೂ ಕಟ್ಟದಿದ್ದರೂ ಸುಮಾರು ಎರಡು ತಿಂಗಳ ಕಾಲ ಪ್ರೊಜೆಸ್ಟರಾನ್ ಹಾರ್ಮೋನು ಹೆಚ್ಚಾಗಿಯೇ ಇರುತ್ತದೆ. ಆ ಅವಧಿಯಲ್ಲಿ ಗರ್ಭಕೋಶದ ಒಳಪದರ ದಪ್ಪವಾಗುತ್ತದೆ, ಅದರ ಗ್ರಂಥಿಗಳು ದ್ರವ ಸುರಿಸುತ್ತವೆ, ಬಾಯಿ ಮುಚ್ಚಿಕೊಳ್ಳುತ್ತದೆ, ಸ್ನಾಯುಗಳ ಹಿಂಡುವಿಕೆಯೂ ರೋಗನಿರೋಧಕ ಕಣಗಳ ಓಡಾಟವೂ ತಗ್ಗುತ್ತವೆ. ಇವೆಲ್ಲ ಮರಿಗಾಗಿ ಆಗುವ ಸಿದ್ಧತೆ. ಬೆದೆಯ ಕಾಲದಲ್ಲಿ ಒಳಹೊಕ್ಕ ಬ್ಯಾಕ್ಟೀರಿಯಾಕ್ಕೆ, ಅದು ಹೆಚ್ಚಾಗಿ ಇ. ಕೋಲೈ, ಇದಕ್ಕಿಂತ ಒಳ್ಳೆಯ ಮನೆ ಬೇರೆ ಬೇಕಿಲ್ಲ. ಬೆದೆ ಬಂದು ಹೋದ ಪ್ರತಿ ಸಲವೂ ಈ ಬದಲಾವಣೆ ಮರುಕಳಿಸುವುದರಿಂದ ವಯಸ್ಸಾದಂತೆ ಅಪಾಯ ಏರುತ್ತದೆ. ಆರೋಗ್ಯವಂತ ನಾಯಿಗಳಿಗೆ ಸಂತಾನಹರಣ ಮಾಡಿಸುವ ವಾಡಿಕೆ ಕಡಿಮೆಯಿದ್ದ ಸ್ವೀಡನ್ನಿನಲ್ಲಿ ವಿಮೆ ಮಾಡಿಸಿದ ನಾಯಿಗಳ ದಾಖಲೆ ನೋಡಿದಾಗ, ಹತ್ತು ವರ್ಷ ತುಂಬುವುದರೊಳಗೆ ಹೆಚ್ಚುಕಡಿಮೆ ನಾಲ್ಕು ಹೆಣ್ಣುನಾಯಿಗಳಲ್ಲಿ ಒಂದಕ್ಕೆ ಈ ಕಾಯಿಲೆ ಬಂದಿತ್ತು.

ಗರ್ಭಕೋಶದ ಬಾಯಿ ತೆರೆದಿದ್ದರೆ ಕೀವು ಹೊರಗೆ ಕಾಣುತ್ತದೆ, ಮುಚ್ಚಿದ್ದರೆ ಏನೂ ಕಾಣುವುದಿಲ್ಲ. ಆಪರೇಷನ್ ಆಗದ ಹೆಣ್ಣುನಾಯಿ ಬೆದೆ ಕಳೆದ ಒಂದೆರಡು ತಿಂಗಳಲ್ಲಿ ಹೆಚ್ಚು ನೀರು ಕುಡಿಯತೊಡಗಿದರೆ ಕಾಯಬೇಡಿ, ಅಂದೇ ತೋರಿಸಿ. ಅತ್ತೆಯವರ ಮಾತಿಗೆ ಉತ್ತರವಾಗಿ ಇಷ್ಟು ಹೇಳುತ್ತೇನೆ: ಒಂದು ಸೂಲಾಯಿತೆಂದು ಗರ್ಭಕೋಶಕ್ಕೆ ಕವಚ ತೊಡಿಸಿದಂತಾಗುವುದಿಲ್ಲ. ಮರಿ ಹಾಕಿದ ನಾಯಿಗಳನ್ನೂ ಇದೇ ಸ್ಥಿತಿಯಲ್ಲಿ ಎಷ್ಟೋ ಸಲ ನೋಡಿದ್ದೇನೆ.

ಆದರೆ ಚುಕ್ಕಿಗೆ ಈಗಲೇ ಮಾಡಿಸಬೇಡಿ. ಬೆದೆ ಮುಗಿದು ಎರಡೂವರೆ, ಮೂರು ತಿಂಗಳು ಕಳೆಯಲಿ.

ಕಿಟಕಿಪಕ್ಕದವಳು

ಏಕೆ ಮೇಡಂ? ಬೆದೆ ಮುಗಿದಿದೆಯಲ್ಲ, ಇನ್ನೇನು ಅಡ್ಡಿ?

ಪ್ರಾಣಿವೈದ್ಯೆ

ಎರಡು ಕಾರಣಗಳಿವೆ. ಬೆದೆಯ ಸಮಯದಲ್ಲಿಯೂ ಅದರ ಬೆನ್ನಿಗೂ ಗರ್ಭಕೋಶಕ್ಕೆ ರಕ್ತದ ಹರಿವು ಹೆಚ್ಚು, ಅಂಗಾಂಶ ಮೆದು, ಆದ್ದರಿಂದ ಶಸ್ತ್ರಚಿಕಿತ್ಸೆಯಲ್ಲಿ ರಕ್ತಸ್ರಾವದ ಭಯ ಹೆಚ್ಚು. ಎರಡನೆಯದು ಇನ್ನೂ ಮುಖ್ಯ. ಈಗ ಅವಳ ಮೈಯಲ್ಲಿ ಪ್ರೊಜೆಸ್ಟರಾನ್ ಮೇಲಿದೆ. ಅಂಡಾಶಯ ತೆಗೆದೊಡನೆ ಅದು ಥಟ್ಟನೆ ಇಳಿದು, ಹಾಲು ಬರಿಸುವ ಹಾರ್ಮೋನಾದ ಪ್ರೊಲ್ಯಾಕ್ಟಿನ್ ಏರುತ್ತದೆ, ಅದರಿಂದ ಹುಸಿಬಸಿರು ಕಾಣಿಸಿಕೊಳ್ಳಬಹುದು. ಮೊಲೆಯಲ್ಲಿ ಹಾಲು ಬರುವುದು, ಬೊಂಬೆಗಳನ್ನು ಮರಿಗಳೆಂದು ಕಾಯುವುದು, ಹತ್ತಿರ ಹೋದವರ ಮೇಲೆ ಗುರುಗುಟ್ಟುವುದು ಇವೆಲ್ಲ ಶುರುವಾಗಿ ವಾರಗಟ್ಟಲೆ ಎಳೆಯಬಹುದು. ತಾನಾಗಿಯೇ ಹಾರ್ಮೋನು ಇಳಿದು ಶಾಂತವಾದ ಮೇಲೆ ಮಾಡಿದರೆ ಈ ತೊಂದರೆ ಇರುವುದಿಲ್ಲ.

ನಾಲ್ಕುಕಾಲು

ಮೇಡಂ ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮವಳು ಒಂದು ಹಳೆಯ ಕಾಲುಚೀಲಕ್ಕೆ ತಾಯಿಯಾಗಿದ್ದಳು. ಮೂರು ವಾರ ಆ ಕಾಲುಚೀಲವನ್ನು ಮುಟ್ಟಲು ಯಾರಿಗೂ ಧೈರ್ಯವಿರಲಿಲ್ಲ.

ಸಂಶಯಾತ್ಮ

ಇಲ್ಲಿಯವರೆಗೆ ಎಲ್ಲರೂ ಒಂದೇ ರಾಗ ಹಾಡುತ್ತಿರುವುದರಿಂದ ಅಪಸ್ವರ ತೆಗೆಯುವ ಕೆಲಸ ನನ್ನ ಪಾಲಿಗೆ ಬಂದಿದೆ.

ಇನ್ನು ಸ್ವಲ್ಪ ಹೊತ್ತಿನಲ್ಲಿ ಯಾರಾದರೂ ಬಂದು, ಮೊದಲ ಬೆದೆಗೆ ಮುಂಚೆಯೇ ಮಾಡಿಸಿದರೆ ಮೊಲೆಯ ಕ್ಯಾನ್ಸರ್ ಬರುವ ಸಂಭವ ಬರೀ 0.5 ಶೇಕಡಾ ಎನ್ನುತ್ತಾರೆ. ಆ ಅಂಕಿ ಬಂದದ್ದು 1969ರ ಒಂದು ಸಣ್ಣ ಅಧ್ಯಯನದಿಂದ. ಈ ವಿಷಯದ ಅಧ್ಯಯನಗಳನ್ನೆಲ್ಲ ಒಟ್ಟಾಗಿ ತೂಗಿ ನೋಡಿದ 2012ರ ವಿಮರ್ಶೆ, ಸಾಕ್ಷ್ಯ ದುರ್ಬಲವಾಗಿದೆ ಎಂದೇ ಹೇಳಿತು. ಇನ್ನೊಂದೆಡೆ 2013ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರು ಗೋಲ್ಡನ್ ರಿಟ್ರೀವರ್ ನಾಯಿಗಳನ್ನು ಪರಿಶೀಲಿಸಿ, ವರ್ಷದೊಳಗೆ ಸಂತಾನಹರಣವಾದವುಗಳಲ್ಲಿ ಸೊಂಟದ ಕೀಲಿನ ದೋಷವೂ ಮೊಣಕಾಲಿನ ಅಸ್ಥಿರಜ್ಜು ಹರಿಯುವುದೂ ಹೆಚ್ಚು ಎಂದು ಕಂಡರು. ಕಾರಣವೂ ಸ್ಪಷ್ಟವಿದೆ. ಎಲುಬಿನ ಬೆಳವಣಿಗೆಯ ತುದಿಗಳು ಮುಚ್ಚಿಕೊಳ್ಳಲು ಲೈಂಗಿಕ ಹಾರ್ಮೋನುಗಳು ಬೇಕು. ಅವನ್ನು ಬೇಗ ತೆಗೆದರೆ ಎಲುಬು ಹೆಚ್ಚು ಉದ್ದಕ್ಕೆ ಬೆಳೆದು ಕೀಲಿನ ಕೋನ ಬದಲಾಗುತ್ತದೆ. ಹೆಣ್ಣುನಾಯಿಗಳಲ್ಲಿ, ಅದರಲ್ಲೂ ದೊಡ್ಡ ಮೈಯವುಗಳಲ್ಲಿ, ಮಲಗಿದ್ದಾಗ ಮೂತ್ರ ಸೋರುವ ತೊಂದರೆಯೂ ಈ ಶಸ್ತ್ರಚಿಕಿತ್ಸೆಯ ಪರಿಣಾಮವೇ. ನಾರ್ವೆಯಲ್ಲಿ ತಕ್ಕ ಕಾರಣವಿಲ್ಲದೆ ನಾಯಿಗೆ ಸಂತಾನಹರಣ ಮಾಡಿಸಲು ಕಾನೂನೇ ಅವಕಾಶ ಕೊಡುವುದಿಲ್ಲ. ಅಲ್ಲಿನವರಿಗೆ ನಾಯಿಗಳ ಮೇಲೆ ಪ್ರೀತಿಯಿಲ್ಲವೇ?

ಹಳೇಹುಲಿ

ಕೇಳಿದಿರಾ? ನಾನು ಹೇಳಿದ್ದೂ ಇದನ್ನೇ.

ಅಂಕಿಅಂಶ

ಹಳೇಹುಲಿಯವರೇ, ನೀವು ಹೇಳಿದ್ದು ಇದನ್ನಲ್ಲ. ಸಂಶಯಾತ್ಮರು ಯಾವಾಗ ಮಾಡಿಸಬೇಕು ಎಂಬ ಪ್ರಶ್ನೆ ಎತ್ತಿದ್ದಾರೆ, ನೀವು ಮಾಡಿಸಲೇಬಾರದು ಎಂದಿರಿ.

ಸಂಶಯಾತ್ಮರಿಗೆ ಒಂದು ತಿದ್ದುಪಡಿ. ಆ 0.5 ಎಂಬುದು ಕ್ಯಾನ್ಸರ್ ಬರುವ ಸಂಭವವಲ್ಲ. ಆಪರೇಷನ್ ಆಗದ ನಾಯಿಗೆ ಇರುವ ಅಪಾಯವನ್ನು 100 ಎಂದು ಹಿಡಿದರೆ, ಮೊದಲ ಬೆದೆಗೆ ಮುನ್ನ ಆದವುಗಳಲ್ಲಿ ಅದು 0.5, ಒಂದು ಬೆದೆಯ ನಂತರ 8, ಎರಡು ಅಥವಾ ಹೆಚ್ಚು ಬೆದೆಗಳ ನಂತರ 26 ಎಂದು ಅದರ ಅರ್ಥ. ಅದು ಹೋಲಿಕೆಯ ಅಂಕಿ. ಇದನ್ನು ತಪ್ಪಾಗಿ ಹೇಳುವವರಲ್ಲಿ ಪರ ವಿರೋಧ ಎರಡೂ ಕಡೆಯವರಿದ್ದಾರೆ. ಸಾಕ್ಷ್ಯ ದುರ್ಬಲ ಎಂಬುದಕ್ಕೆ ಲಾಭವೇ ಇಲ್ಲ ಎಂಬ ಅರ್ಥವೂ ಬರುವುದಿಲ್ಲ. ಎಷ್ಟು ಲಾಭ ಎಂಬುದನ್ನು ಖಚಿತವಾಗಿ ಹೇಳಲಾಗದು ಎಂದಷ್ಟೇ ಅರ್ಥ. ಬೆಕ್ಕಿನಲ್ಲಿ ವಿಷಯ ಇನ್ನೂ ಗಂಭೀರವಾಗಿದೆ, ಏಕೆಂದರೆ ನಾಯಿಯ ಮೊಲೆಯ ಗಡ್ಡೆಗಳಲ್ಲಿ ಸುಮಾರು ಅರ್ಧದಷ್ಟು ಮಾತ್ರ ಕ್ಯಾನ್ಸರ್ ಆಗಿದ್ದರೆ ಬೆಕ್ಕಿನಲ್ಲಿ ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಕ್ಯಾನ್ಸರೇ ಆಗಿರುತ್ತವೆ.

ಆಯಸ್ಸಿನ ಬಗ್ಗೆಯೂ ಒಂದು ಅಧ್ಯಯನವಿದೆ. ಅಮೆರಿಕದ ಜಾರ್ಜಿಯಾ ವಿಶ್ವವಿದ್ಯಾಲಯದವರು 1984ರಿಂದ 2004ರವರೆಗೆ ಸತ್ತ 40,139 ನಾಯಿಗಳ ದಾಖಲೆ ತೆಗೆದು ನೋಡಿದಾಗ, ಸಂತಾನಹರಣವಾದ ಗಂಡುಗಳ ನಿರೀಕ್ಷಿತ ಆಯಸ್ಸು 13.8 ಶೇಕಡಾ, ಹೆಣ್ಣುಗಳದ್ದು 26.3 ಶೇಕಡಾ ಹೆಚ್ಚಿತ್ತು. ಅವು ಸೋಂಕಿನಿಂದ ಮತ್ತು ಪೆಟ್ಟಿನಿಂದ ಸಾಯುವುದು ಕಡಿಮೆ, ಕ್ಯಾನ್ಸರಿನಿಂದ ಮತ್ತು ರೋಗನಿರೋಧಕ ವ್ಯವಸ್ಥೆಯ ಕಾಯಿಲೆಗಳಿಂದ ಸಾಯುವುದು ಹೆಚ್ಚು. ಹೆಚ್ಚು ಕಾಲ ಬದುಕಿದವುಗಳಿಗೆ ಕ್ಯಾನ್ಸರ್ ಬರಲು ಸಮಯವೂ ಹೆಚ್ಚು ಸಿಗುತ್ತದೆ ಎಂಬುದನ್ನು ನೆನಪಿಡಿ. ಹಾಗೆಯೇ ಆಪರೇಷನ್ ಮಾಡಿಸುವ ಯಜಮಾನರು ಲಸಿಕೆ, ಆಹಾರ ಎಲ್ಲವನ್ನೂ ಚೆನ್ನಾಗಿ ನೋಡಿಕೊಳ್ಳುವವರೇ ಆಗಿರುತ್ತಾರೆ. ಆದ್ದರಿಂದ ಪೂರ್ತಿ ಶ್ರೇಯಸ್ಸನ್ನು ಕತ್ತರಿಗೆ ಕೊಡುವಂತಿಲ್ಲ.

ಪ್ರಾಣಿವೈದ್ಯೆ

ಸಂಶಯಾತ್ಮರ ಆಕ್ಷೇಪಗಳಲ್ಲಿ ಬಹುಪಾಲು ಸರಿಯಾಗಿವೆ, ಅವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಗೋಲ್ಡನ್ ರಿಟ್ರೀವರಿನ ಮಾತನ್ನು ಬೆರಕೆ ನಾಯಿಗೂ ಬೆಕ್ಕಿಗೂ ಹೊರಿಸಬಾರದು. ಅದೇ ಡೇವಿಸ್ ತಂಡ 2020ರಲ್ಲಿ 35 ತಳಿಗಳನ್ನು ನೋಡಿದಾಗ ಕೀಲಿನ ಅಪಾಯ ಏರಿದ್ದು ಮುಖ್ಯವಾಗಿ ದೊಡ್ಡ ತಳಿಗಳಲ್ಲಿ, ಸಣ್ಣ ತಳಿಗಳಲ್ಲಿ ಅಂಥದ್ದೇನೂ ಕಾಣಲಿಲ್ಲ. ಅದಕ್ಕಾಗಿಯೇ ದೊಡ್ಡ ಮೈಯ ನಾಯಿಗೆ ಬೆಳವಣಿಗೆ ಮುಗಿಯುವವರೆಗೆ, ಅಂದರೆ ವರ್ಷ ದಾಟುವವರೆಗೆ, ಕಾಯಿರಿ ಎಂದು ನಾವೇ ಹೇಳುತ್ತೇವೆ. ಬೆಕ್ಕಿಗೆ ಮಾತ್ರ ಐದು ತಿಂಗಳೊಳಗೆ ಮುಗಿಸುವುದು ಒಳ್ಳೆಯದು, ಏಕೆಂದರೆ ನಾಲ್ಕೇ ತಿಂಗಳಿಗೆ ಬಸಿರಾದ ಬೆಕ್ಕುಗಳಿವೆ. ಚುಕ್ಕಿಗೆ ಹದಿನಾಲ್ಕು ತಿಂಗಳಾಗಿದೆ, ಅವಳ ಎಲುಬುಗಳ ಚಿಂತೆ ಬೇಡ.

ಮೂತ್ರ ಸೋರಿಕೆ ನಿಜವಾದ ತೊಂದರೆ, ಅದನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಬಂದರೆ ಬಹುತೇಕ ನಾಯಿಗಳಿಗೆ ಔಷಧದಿಂದ ಹತೋಟಿಗೆ ಬರುತ್ತದೆ. ಮೂತ್ರ ಸೋರಿಕೆಗೆ ಔಷಧ ಕೊಡುವುದನ್ನೂ ಕೀವು ತುಂಬಿದ ಗರ್ಭಕೋಶವನ್ನು ನಡುರಾತ್ರಿ ತೆಗೆಯುವುದನ್ನೂ ತಕ್ಕಡಿಯ ಎರಡು ತಟ್ಟೆಗಳಲ್ಲಿಟ್ಟು ತೂಗಿದರೆ, ಹೆಣ್ಣುನಾಯಿಯ ವಿಷಯದಲ್ಲಿ ಮುಳ್ಳು ಯಾವ ಕಡೆ ವಾಲುತ್ತದೆಂದು ನನಗೆ ಸಂಶಯವಿಲ್ಲ. ಗಂಡುನಾಯಿಯ ವಿಷಯದಲ್ಲಿ ನಾನು ಇಷ್ಟು ಗಟ್ಟಿಯಾಗಿ ಹೇಳಲಾರೆ.

ಹಳೇಹುಲಿ

ಗಂಡುನಾಯಿಯ ಮಾತು ಬಂದದ್ದರಿಂದ ಕೇಳುತ್ತೇನೆ. ಈಗಿರುವ ನಮ್ಮವನಿಗೆ ನಾಲ್ಕು ವರ್ಷ. ಮನೆಗೆ ಬಂದವರ ಮೇಲೆಲ್ಲ ಹಾರುತ್ತಾನೆ, ಕಳೆದ ವಾರ ಒಬ್ಬರ ಕೈಗೆ ಹಲ್ಲು ತಾಗಿಸಿದ. ವೃಷಣ ತೆಗೆಸಿದರೆ ಸೌಮ್ಯನಾಗುತ್ತಾನೆ ಎಂದು ನನ್ನ ಮಗ ಹಟ ಹಿಡಿದಿದ್ದಾನೆ. ನಿಜವೇ?

ನಾಲ್ಕುಕಾಲು

ಅವನು ಹಾರುವಾಗ ಬಾಲ ಎಲ್ಲಿರುತ್ತದೆ? ಮುಂದೆ ನುಗ್ಗುತ್ತಾನೋ, ಹಿಂದೆ ಸರಿಯುತ್ತ ಬೊಗಳುತ್ತಾನೋ?

ಹಳೇಹುಲಿ

ಬಾಲ ಮಡಚಿಕೊಂಡಿರುತ್ತದೆ. ನುಗ್ಗಿ, ಹಿಂದೆ ಸರಿದು, ಮತ್ತೆ ನುಗ್ಗುತ್ತಾನೆ.

ನಾಲ್ಕುಕಾಲು

ಹಾಗಾದರೆ ಅದು ಭಯ, ಪೌರುಷವಲ್ಲ. ಭಯದಿಂದ ಕಚ್ಚುವ ನಾಯಿಗೆ ಈ ಆಪರೇಷನ್ ಮದ್ದಲ್ಲ, ಕೆಲವು ನಾಯಿಗಳ ಅಂಜಿಕೆ ಹೆಚ್ಚಾದದ್ದೂ ಉಂಟು. ವೃಷಣ ತೆಗೆಸುವುದರಿಂದ ಯಾವ ನಡವಳಿಕೆ ಬದಲಾಗುತ್ತದೆ ಎಂಬುದರ ಬಗ್ಗೆ 1970ರ ದಶಕದಿಂದಲೇ ಅಧ್ಯಯನಗಳಿವೆ. ಹೆಣ್ಣಿನ ವಾಸನೆ ಹಿಡಿದು ಮನೆ ಬಿಟ್ಟು ಅಲೆಯುವುದು ಹತ್ತರಲ್ಲಿ ಒಂಬತ್ತು ನಾಯಿಗಳಲ್ಲಿ ಕಡಿಮೆಯಾಗುತ್ತದೆ. ಮನೆಯೊಳಗೆ ಮೂತ್ರದಿಂದ ಗುರುತು ಹಾಕುವುದು ಸುಮಾರು ಅರ್ಧದಷ್ಟು ನಾಯಿಗಳಲ್ಲಿ, ಬೇರೆ ಗಂಡುಗಳೊಡನೆ ಜಗಳ ಅರ್ಧಕ್ಕಿಂತ ಸ್ವಲ್ಪ ಹೆಚ್ಚಿನವುಗಳಲ್ಲಿ ತಗ್ಗುತ್ತದೆ. ಅತಿಥಿಗಳ ಮೇಲೆ ಹಾರುವುದಕ್ಕೆ ಬೇಕಾದದ್ದು ತರಬೇತಿ, ಸಹನೆ, ಮತ್ತು ಸದ್ಯಕ್ಕೆ ಬಾಯಿಬುಟ್ಟಿ.

ಪ್ರಾಣಿವೈದ್ಯೆ

ನಾಲ್ಕುಕಾಲು ಅವರ ಮಾತಿಗೆ ನನ್ನ ಸಹಮತವಿದೆ. ಮಗನ ಹಟ ಬಲವಾಗಿದ್ದರೆ ನಡುದಾರಿಯೊಂದಿದೆ. ಡೆಸ್ಲೋರೆಲಿನ್ ಎಂಬ ಔಷಧದ ಸಣ್ಣ ಕಡ್ಡಿಯನ್ನು ಚರ್ಮದಡಿ ಸೇರಿಸಿದರೆ ಆರು ತಿಂಗಳೋ ವರ್ಷವೋ ವೃಷಣದ ಕೆಲಸ ನಿಂತಿರುತ್ತದೆ, ಆಮೇಲೆ ಮರಳುತ್ತದೆ. ಮೊದಲ ಕೆಲವು ವಾರ ಹಾರ್ಮೋನು ಇಳಿಯುವ ಬದಲು ಏರುವುದರಿಂದ ಆಗ ಎಚ್ಚರಿಕೆ ಬೇಕು. ನಡವಳಿಕೆ ಹೇಗೆ ಬದಲಾಗುತ್ತದೆಂದು ನೋಡಿದ ಮೇಲೆ ಶಾಶ್ವತವಾದ ನಿರ್ಧಾರ ಮಾಡಬಹುದು.

ಆರೋಗ್ಯದ ಮಾತು ಬೇರೆ. ಐದಾರು ವರ್ಷ ದಾಟಿದ ಬೀಜವಿರುವ ಗಂಡುನಾಯಿಗಳಲ್ಲಿ ಪ್ರಾಸ್ಟೇಟ್ ಗ್ರಂಥಿ ಊದಿಕೊಳ್ಳುವುದು ಬಹಳ ಸಾಮಾನ್ಯ. ಮಲವಿಸರ್ಜನೆಗೆ ತಿಣುಕುತ್ತಿದ್ದರೆ, ಮೂತ್ರದಲ್ಲಿ ರಕ್ತ ಕಂಡರೆ ತೋರಿಸಿ. ವೃಷಣ ತೆಗೆದರೆ ಆ ಊತ ಇಳಿಯುತ್ತದೆ. ಆದರೆ ಪ್ರಾಸ್ಟೇಟ್ ಕ್ಯಾನ್ಸರ್ ಇದರಿಂದ ತಪ್ಪುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಅದು ತಪ್ಪುವುದಿಲ್ಲ. ಅವನ ಎರಡೂ ವೃಷಣಗಳು ಕೆಳಗಿಳಿದಿವೆಯೇ ಎಂದೊಮ್ಮೆ ನೋಡಿ. ಒಂದು ಹೊಟ್ಟೆಯೊಳಗೇ ಉಳಿದಿದ್ದರೆ ಅದರಲ್ಲಿ ಗಡ್ಡೆಯಾಗುವ ಅಪಾಯ ಹಲವು ಪಟ್ಟು ಹೆಚ್ಚು, ಆಗ ತೆಗೆಸುವುದರ ಬಗ್ಗೆ ಎರಡನೆಯ ಮಾತಿಲ್ಲ.

ಹಳೇಹುಲಿ

ಎರಡೂ ಇವೆ. ಈಗಷ್ಟೇ ನೋಡಿದೆ. ಅವನಿಗೆ ಸ್ವಲ್ಪವೂ ಇಷ್ಟವಾಗಲಿಲ್ಲ.

ತಡವಾಗಿಬಂದವನು

ಒಂದು ಪ್ರಶ್ನೆ. ಹೆಣ್ಣುಬೆಕ್ಕಿಗೆ ಬೆದೆ ಬರದಂತೆ ತಡೆಯುವ ಇಂಜೆಕ್ಷನ್ ಇದೆಯಂತಲ್ಲ, ಹೊಟ್ಟೆ ಕೊಯ್ಯುವುದಕ್ಕಿಂತ ಅದು ಮೇಲಲ್ಲವೇ? ನಮ್ಮ ಬೆಕ್ಕು ಎರಡು ಮೂರು ವಾರಕ್ಕೊಮ್ಮೆ ಬೆದೆಗೆ ಬಂದು ರಾತ್ರಿಯೆಲ್ಲ ಕೂಗುತ್ತಿದೆ, ನಮಗಂತೂ ನಿದ್ದೆಯಿಲ್ಲ.

ಬೆಕ್ಕಿನಹೆಜ್ಜೆ

ದಯವಿಟ್ಟು ಬೇಡ. ನನ್ನ ತಂಗಿಯ ಬೆಕ್ಕಿಗೆ ಆ ಇಂಜೆಕ್ಷನ್ ಕೊಡಿಸಿದರು. ಒಂದೇ ತಿಂಗಳಲ್ಲಿ ಎಂಟೂ ಮೊಲೆಗಳು ನಿಂಬೆಹಣ್ಣಿನಷ್ಟು ಊದಿಕೊಂಡು ಎರಡು ಹುಣ್ಣಾದವು.

ಪ್ರಾಣಿವೈದ್ಯೆ

ಅಂಥ ಇಂಜೆಕ್ಷನ್ನುಗಳಲ್ಲಿರುವುದು ಪ್ರೊಜೆಸ್ಟರಾನಿನ ಹೋಲಿಕೆಯ ರಾಸಾಯನಿಕ. ಮೇಲೆ ಪಯೋಮೆಟ್ರಾದ ಕಾರಣ ಹೇಳುವಾಗ ಬಂದ ಹಾರ್ಮೋನೇ ಇದು. ಬೆದೆ ತಡೆಯಲೆಂದು ಕೊಟ್ಟದ್ದು ಗರ್ಭಕೋಶದ ಸೋಂಕಿಗೂ ಮೊಲೆಯ ಊತಕ್ಕೂ ಗಡ್ಡೆಗೂ ಮಧುಮೇಹಕ್ಕೂ ದಾರಿಯಾಗಬಲ್ಲದು. ಒಂದೆರಡು ರಾತ್ರಿಯ ನಿದ್ದೆಗಾಗಿ ಅಷ್ಟು ದೊಡ್ಡ ಸಾಲ ಮಾಡಬೇಡಿ.

ತಡವಾಗಿಬಂದವನು

ಸರಿ, ಕೊಡಿಸುವುದಿಲ್ಲ. ಇನ್ನೊಂದು ವಿಷಯ ಹೇಳಲೇಬೇಕು. ಇದಕ್ಕೂ ಮುಂಚೆ ಒಂದು ಅಲೆಮಾರಿ ಬೆಕ್ಕನ್ನು ಮನೆಗೆ ತಂದು ಆಪರೇಷನ್ನಿಗೆ ಕರೆದುಕೊಂಡು ಹೋಗಿದ್ದೆ. ವೈದ್ಯರು ಅದರ ಎಡಗಿವಿಯ ತುದಿ ಕತ್ತರಿಸಿರುವುದನ್ನು ತೋರಿಸಿ, ‘ಇದಕ್ಕೆ ಯಾರೋ ಆಗಲೇ ಮಾಡಿಸಿಬಿಟ್ಟಿದ್ದಾರೆ, ಅದಕ್ಕೇ ಈ ಗುರುತು’ ಎಂದರು. ಜಗಳದಲ್ಲಿ ಹರಿದಿರಬೇಕೆಂದು ನಾನು ತಿಂಗಳುಗಟ್ಟಲೆ ಅದಕ್ಕೆ ಅರಿಶಿನ ಹಚ್ಚುತ್ತಿದ್ದೆ.

ಮೊಲದಮನೆ

ನಾಯಿ ಬೆಕ್ಕುಗಳ ನಡುವೆ ಮೊಲ ತಂದದ್ದಕ್ಕೆ ಕ್ಷಮೆಯಿರಲಿ. ಎರಡೂ ಹೆಣ್ಣು ಎಂದು ಹೇಳಿ ಕೊಟ್ಟ ಎರಡು ಮೊಲಗಳು ನಮ್ಮ ಮನೆಯಲ್ಲಿ ಮೂರು ತಿಂಗಳಲ್ಲಿ ಹದಿನೇಳಾದವು. ಮೊಲದ ಬಸಿರು ಸುಮಾರು 31 ದಿನ, ಮರಿ ಹಾಕಿದ ದಿನವೇ ಮತ್ತೆ ಬಸಿರಾಗಬಲ್ಲದು ಎಂಬುದನ್ನು ನಾನು ಅನುಭವದಿಂದ ಕಲಿತೆ. ಆದರೆ ಹೆಣ್ಣುಮೊಲಕ್ಕೆ ಸಂತಾನಹರಣ ಮಾಡಿಸಲು ದೊಡ್ಡ ಕಾರಣ ಬೇರೆಯೇ ಇದೆ. ನಾಲ್ಕು ವರ್ಷ ದಾಟಿದ ಹೆಣ್ಣುಮೊಲಗಳಲ್ಲಿ ಗರ್ಭಕೋಶದ ಕ್ಯಾನ್ಸರ್ ತೀರಾ ಸಾಮಾನ್ಯ, ಕೆಲವು ತಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಿಗೆ ಬರುತ್ತದೆ.

ಮಾಡಿಸುವವರಿಗೆ ಒಂದು ಎಚ್ಚರಿಕೆ: ನಾಯಿ ಬೆಕ್ಕುಗಳಂತೆ ಮೊಲವನ್ನು ಆಪರೇಷನ್ನಿಗೆ ಮುಂಚೆ ಉಪವಾಸ ಇಡಬಾರದು. ಮೊಲಕ್ಕೆ ವಾಂತಿಯಾಗುವುದಿಲ್ಲ, ಕರುಳು ಖಾಲಿಯಾಗಿ ನಿಂತರೆ ಅದೇ ಪ್ರಾಣಕ್ಕೆ ಕುತ್ತು. ಗಂಡುಮೊಲವನ್ನು ಆಪರೇಷನ್ ಆದ ದಿನವೇ ಹೆಣ್ಣಿನೊಡನೆ ಬಿಡಬೇಡಿ. ನಾಳಗಳಲ್ಲಿ ವೀರ್ಯ ಉಳಿದಿರುವುದರಿಂದ ನಾಲ್ಕಾರು ವಾರ ಅದು ತಂದೆಯಾಗಬಲ್ಲದು. ಹದಿನೇಳರ ಲೆಕ್ಕದಲ್ಲಿ ಕೊನೆಯ ಐದು ಬಂದದ್ದು ಹಾಗೆ.

ಸಂಶಯಾತ್ಮ

ಆಪರೇಷನ್ ಆದ ಮೇಲೂ ಕೆಲವು ವಾರ ತಂದೆಯಾಗಬಲ್ಲದು ಎಂಬ ಮಾತು ಗುಂಡನಿಗೂ ಅನ್ವಯಿಸುತ್ತದೆ, ಮರೆಯಬೇಡಿ.

ಗೋಡೆಬರಹ

ಒಂದು ಜೊತೆ ಬೆಕ್ಕಿನಿಂದ ಏಳು ವರ್ಷಗಳಲ್ಲಿ 4,20,000 ಬೆಕ್ಕುಗಳಾಗುತ್ತವೆ ಎಂದು ಓದಿದ್ದೇನೆ. ಅಷ್ಟು ಸಾಲದೇ ಕಾರಣ?

ಅಂಕಿಅಂಶ

ಆ ಲೆಕ್ಕ ಕಾಗದದ ಮೇಲೆ ಮಾತ್ರ ನಡೆಯುತ್ತದೆ. ಹುಟ್ಟಿದ ಮರಿಗಳೆಲ್ಲ ಬದುಕಿ, ಎಲ್ಲವೂ ಸರಿಯಾದ ವಯಸ್ಸಿಗೆ ಬೆದೆಗೆ ಬಂದು, ಯಾವುದೂ ಸಾಯದೆ ಮರಿ ಹಾಕುತ್ತಲೇ ಇದ್ದರೆ ಆ ಅಂಕಿ ಬರುತ್ತದೆ. ಮನೆಯಿಲ್ಲದ ಬೆಕ್ಕಿನ ಮರಿಗಳಲ್ಲಿ ಬಹುಪಾಲು ದೊಡ್ಡವಾಗುವ ಮೊದಲೇ ಸಾಯುತ್ತವೆ. ನನ್ನ ಮಟ್ಟಿಗೆ ಸಂತಾನಹರಣಕ್ಕೆ ಆ ಸಾವುಗಳೇ ದೊಡ್ಡ ಕಾರಣ, ಆ ಉಬ್ಬಿಸಿದ ಅಂಕಿಯಲ್ಲ.

ಒಂದುಸೂಲಿನಮನೆ

‘ಒಂದು ಸೂಲಾಗಲಿ’ ಎಂದು ಬಿಟ್ಟವರು ನಾವು. ನಮ್ಮ ನಾಯಿ ಎಂಟು ಮರಿ ಹಾಕಿತು. ಮೂರು ಕಪ್ಪು, ನಾಲ್ಕು ಕಂದು, ಒಂದು ಮಾತ್ರ ಉದ್ದ ಕೂದಲಿನದು, ಏಕೆಂದರೆ ಒಂದೇ ಬೆದೆಯಲ್ಲಿ ಬೇರೆ ಬೇರೆ ಗಂಡುಗಳಿಂದ ಮರಿಗಳಾಗಬಲ್ಲವು ಎಂಬುದು ನಮಗೆ ಗೊತ್ತಿರಲಿಲ್ಲ. ಆರನೆಯ ಮರಿ ಅಡ್ಡ ಸಿಕ್ಕಿಕೊಂಡಿತು, ಹೊಟ್ಟೆ ಕೊಯ್ದು ತೆಗೆಯಬೇಕಾಯಿತು. ಬಸಿರಾಗಿದ್ದ 63 ದಿನಗಳಲ್ಲಿ ‘ನನಗೊಂದು ಮರಿ ಕೊಡಿ’ ಎಂದವರು ಹನ್ನೊಂದು ಜನ. ಮರಿಗಳಿಗೆ ಎರಡು ತಿಂಗಳಾದಾಗ ನಿಜಕ್ಕೂ ಬಂದವರು ನಾಲ್ಕು ಜನ, ಅವರಲ್ಲೊಬ್ಬರು ಮೂರೇ ವಾರಕ್ಕೆ ಹಿಂದಕ್ಕೆ ತಂದುಕೊಟ್ಟರು. ನಾಯಿಗೆ ತಾಯ್ತನದ ಸುಖ ಸಿಕ್ಕಿತೋ ಇಲ್ಲವೋ ನಾನು ಹೇಳಲಾರೆ. ಆರು ವಾರವಾದ ಮೇಲೆ ಮರಿಗಳು ಹತ್ತಿರ ಬಂದರೆ ಎದ್ದು ಹೋಗುತ್ತಿದ್ದಳು. ಈಗ ಮನೆಯಲ್ಲಿ ಆರು ನಾಯಿಗಳಿವೆ, ಆರಕ್ಕೂ ಆಪರೇಷನ್ ಆಗಿದೆ.

ಕಿಟಕಿಪಕ್ಕದವಳು

ಇದನ್ನು ಅತ್ತೆಯವರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಎದ್ದು ಹೋಗುತ್ತಿದ್ದಳು ಎಂಬಲ್ಲಿ ನಕ್ಕು, ‘ಅದು ಮಾತ್ರ ನಿಜ’ ಎಂದರು. ನಾಲ್ಕು ಹೆತ್ತವರು. ಇನ್ನು ಮೈದುನನ ಪ್ರಶ್ನೆ ಉಳಿಯಿತು: ದಪ್ಪವಾಗುವುದು ನಿಜವೇ?

ಪ್ರಾಣಿವೈದ್ಯೆ

ನಿಜ, ಆದರೆ ತಪ್ಪು ಅನ್ನದ ಬಟ್ಟಲಿನದು. ಸಂತಾನಹರಣದ ನಂತರ ದೇಹಕ್ಕೆ ಬೇಕಾದ ಶಕ್ತಿ ಸುಮಾರು ಕಾಲುಭಾಗದಷ್ಟು ಇಳಿಯುತ್ತದೆ, ಹಸಿವು ಮಾತ್ರ ಏರುತ್ತದೆ. ಆದ್ದರಿಂದ ಆಪರೇಷನ್ ಆದ ವಾರದಿಂದಲೇ ಅಳತೆ ಕಡಿಮೆ ಮಾಡಿ, ತಿಂಗಳಿಗೊಮ್ಮೆ ತೂಕ ನೋಡಿ. ದಪ್ಪವಾದ ಮೇಲೆ ಇಳಿಸುತ್ತೇನೆ ಎಂದು ಬಿಟ್ಟವರಲ್ಲಿ ಗೆದ್ದವರು ವಿರಳ. ಮಂಕಾಗುವುದು ಸುಳ್ಳು. ಆಟ, ಕಾವಲು, ಪ್ರೀತಿ ಯಾವುದೂ ಅಂಡಾಶಯದಲ್ಲಿರುವುದಿಲ್ಲ.

ಸಂಶಯಾತ್ಮ

ಕೊನೆಯದಾಗಿ ನನ್ನದೊಂದು ಪ್ರಶ್ನೆ ಮೇಡಂ. ಗರ್ಭಕೋಶವನ್ನೂ ತೆಗೆಯಲೇಬೇಕೇ, ಅಂಡಾಶಯ ಮಾತ್ರ ತೆಗೆದರೆ ಸಾಲದೇ?

ಪ್ರಾಣಿವೈದ್ಯೆ

ಗರ್ಭಕೋಶ ಆರೋಗ್ಯವಾಗಿದ್ದರೆ ಸಾಕು. ಅಂಡಾಶಯ ಹೋದ ಮೇಲೆ ಹಾರ್ಮೋನು ಇರುವುದಿಲ್ಲ, ಹಾರ್ಮೋನಿಲ್ಲದ ಗರ್ಭಕೋಶ ಸಣ್ಣದಾಗಿ ಮುದುರಿಕೊಳ್ಳುತ್ತದೆ, ಅದರಲ್ಲಿ ಕೀವು ತುಂಬುವ ಭಯವಿಲ್ಲ. ಗಾಯವೂ ಚಿಕ್ಕದು. ಆದರೆ ಅಂಡಾಶಯದ ಚೂರು ಒಳಗೆ ಉಳಿದರೆ ಮತ್ತೆ ಬೆದೆ ಬರುತ್ತದೆ. ಆದ್ದರಿಂದ ಕೈ ಪಳಗಿದವರಲ್ಲಿ ಮಾಡಿಸಿ.

ಕಿಟಕಿಪಕ್ಕದವಳು (ಹನ್ನೊಂದು ವಾರಗಳ ನಂತರ)

ಎಲ್ಲರಿಗೂ ಸುದ್ದಿ ಮುಟ್ಟಿಸಬೇಕಾಗಿದೆ. ಗುಂಡನಿಗೆ ಈ ಚರ್ಚೆ ನಡೆದ ವಾರವೇ ಮಾಡಿಸಿದೆವು. ಸಂಜೆಗೆ ಎದ್ದು ಓಡಾಡುತ್ತಿದ್ದ, ಪರದೆಗಳು ತಿಂಗಳೊಳಗೆ ಒಣಗಿದವು. ಚುಕ್ಕಿಗೆ ನಿನ್ನೆ ಆಯಿತು. ರಾತ್ರಿಯಿಂದ ಅನ್ನ ಕೊಡಲಿಲ್ಲ, ಬೆಳಿಗ್ಗೆಯವರೆಗೆ ನೀರಿಟ್ಟಿದ್ದೆವು. ಹೊಲಿಗೆ ಹತ್ತು ಹನ್ನೆರಡು ದಿನಗಳಲ್ಲಿ ಬಿಚ್ಚುತ್ತಾರೆ. ಕೊರಳಿಗೆ ಹಾಕಿದ ಪ್ಲಾಸ್ಟಿಕ್ ಕೋನನ್ನು ಬಾಗಿಲಿನ ಚೌಕಟ್ಟಿಗೆಲ್ಲ ಬಡಿಯುತ್ತಿದ್ದಾಳೆ. ಅದನ್ನು ಬಿಚ್ಚೋಣವೆಂದ ಮೈದುನನಿಗೆ ಅತ್ತೆಯವರು, ‘ಹೊಲಿಗೆ ನೆಕ್ಕಿದರೆ ನೀನು ಹೊಲಿಯುತ್ತೀಯಾ’ ಎಂದು ಗದರಿ, ಈಗ ಅವಳು ಸೋಫಾ ಹತ್ತದಂತೆ ಪಕ್ಕದಲ್ಲೇ ಕುಳಿತು ಕಾಯುತ್ತಿದ್ದಾರೆ.

ಒಂದೇ ತೊಂದರೆ. ಇಷ್ಟು ದಿನ ಅವಳ ಬೆನ್ನಿಗೊರಗಿ ಮಲಗುತ್ತಿದ್ದ ಗುಂಡ ನಿನ್ನೆಯಿಂದ ಅವಳನ್ನು ಕಂಡರೆ ಬೆನ್ನು ಸೆಟೆಸಿ ಬುಸುಗುಡುತ್ತಿದ್ದಾನೆ.

ಬೆಕ್ಕಿನಹೆಜ್ಜೆ

ಅವಳ ಮೈಯಿಂದ ಆಸ್ಪತ್ರೆಯ ವಾಸನೆ ಬರುತ್ತಿದೆ. ಗುಂಡನ ಪಾಲಿಗೆ ಅವಳು ಈಗ ಅಪರಿಚಿತ ನಾಯಿ. ಒಂದೆರಡು ದಿನ ಬೇರೆ ಕೋಣೆಯಲ್ಲಿಡಿ, ಅವನು ಮಲಗುವ ಬಟ್ಟೆಯನ್ನು ಅವಳ ಹಾಸಿಗೆಯ ಮೇಲೆ ಹಾಕಿ.

ಹಳೇಹುಲಿ

ನಮ್ಮವನಿಗೂ ಆ ಕಡ್ಡಿ ಹಾಕಿಸಿ ಎರಡು ತಿಂಗಳಾಯಿತು. ಗೇಟು ಹಾರಿ ಹೋಗುವುದನ್ನು ಬಿಟ್ಟಿದ್ದಾನೆ. ಅತಿಥಿಗಳ ಮೇಲೆ ಹಾರುವುದನ್ನು ಬಿಟ್ಟಿಲ್ಲ.